ಕೊಡಗಿನ ಕೋವಿಯೂ ಸರಕಾರದ ಪ್ರಕಟಣೆಗಳೂ

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿಯನ್ನಿಟ್ಟುಕೊಳ್ಳಲು ಲೈಸೆನ್ಸು ಬೇಕಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಇದನ್ನು ಆ ನಾಡಿನ ಪುರಾತನವಾದ ಹಕ್ಕೆಂದು ಅನೇಕರು ಭಾವಿಸುತ್ತಾರೆ. ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸುವುದು, ಗಂಡುಮಗು ಹುಟ್ಟಿದಾಗ ಒಂದು ಗುಂಡನ್ನೂ ಸಾವಾದಾಗ ಎರಡು ಗುಂಡುಗಳನ್ನೂ ಹಾರಿಸುವುದು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಕೋವಿಯ ಸದ್ದು ಮಾಡುವುದು — ಈ ಆಚಾರಗಳು ಹಳೆಯವೇ ಸರಿ. ಆದರೆ ಲೈಸೆನ್ಸಿನಿಂದ ಬಿಡುಗಡೆಯೆಂಬುದು ಲೈಸೆನ್ಸಿಗಿಂತ ಹಳೆಯದಾಗಿರಲಾರದಷ್ಟೆ. ಅದರ ಮೂಲವನ್ನು ಸರಕಾರದ ಆಜ್ಞೆಗಳಲ್ಲಿಯೇ ಹುಡುಕಬೇಕು.

೧೮೫೭ರ ದಂಗೆಯ ತರುವಾಯ ಆಂಗ್ಲ ಸರಕಾರವು ಜನರನ್ನು ನಿರಾಯುಧರನ್ನಾಗಿ ಮಾಡುವುದಕ್ಕೋಸ್ಕರ ೧೮೬೦ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಮರುವರ್ಷದ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಈ ಕಾಯಿದೆಯು ಕೊಡಗರಿಗೆ ಅನ್ವಯಿಸದೆಂದು ಪ್ರಕಟಿಸಿದನು. ಆಗ ಅವನು ಕೊಟ್ಟ ಕಾರಣವು ಗಮನಾರ್ಹವಾದುದು: ಕೊಡಗರ ರಾಜನಿಷ್ಠೆ, ಮತ್ತು ಅವರು ಸರಕಾರಕ್ಕೆ ಸಲ್ಲಿಸಿದ ಸೇವೆ. ೧೮೩೭ರ ದಂಗೆಯನ್ನಡಗಿಸಲು ನೆರವಾದ ಕೊಡಗರಿಗೆ ಕಂಪೆನಿಯು ಪದಕಗಳನ್ನು ಕೊಟ್ಟಿದ್ದುದನ್ನು ಇಲ್ಲಿ ನೆನೆಯಬಹುದು. ಪ್ರಕಟಣೆಯು ಹೊರಟು ಎರಡು ತಿಂಗಳು ತುಂಬುವುದರೊಳಗೆ, ಊರಿಗೆ ಮರಳುವ ದಾರಿಯಲ್ಲಿ, ಕಬ್ಬನ್ನನು ಸುಯೆಜ್‌ನಲ್ಲಿ ತೀರಿಕೊಂಡನು. ಅವನ ಮಾತು ಮಾತ್ರ ಉಳಿಯಿತು.

ಲಾರ್ಡ್ ಲಿಟ್ಟನ್ನನ ಕಾಲದ ೧೮೭೮ರ ಆಯುಧ ಕಾಯಿದೆಯು ಈ ಪದ್ಧತಿಯನ್ನು ಸ್ಥಿರಗೊಳಿಸಿತು. ಲೈಸೆನ್ಸಿಲ್ಲದೆ ಆಯುಧ ಧರಿಸಕೂಡದೆಂದು ವಿಧಿಸಿದ ಕಾಯಿದೆಯೇ, ಬೇಕಾದವರನ್ನು ಗೆಜೆಟ್ಟಿನ ಪ್ರಕಟಣೆಯೊಂದರಿಂದ ಬಿಟ್ಟುಬಿಡುವ ಅಧಿಕಾರವನ್ನು ಗವರ್ನರ್ ಜನರಲನಿಗೆ ಕೊಟ್ಟಿತು. ಐರೋಪ್ಯರು ಲೈಸೆನ್ಸಿನ ತೊಡಕಿಲ್ಲದೆ ಕೋವಿ ಹಿಡಿದು ತಿರುಗಿದುದು ಈ ಬಾಗಿಲಿನಿಂದಲೇ. ಆ ಕಾಯಿದೆಯ ಪಕ್ಷಪಾತವನ್ನು ಕಾಣಬೇಕೆನ್ನುವವರು ಅದರ ಕಲಮುಗಳಿಗಿಂತ ಸರಕಾರವು ಹೊರಡಿಸಿದ ನಿಯಮಗಳನ್ನು ಓದುವುದು ಲೇಸು. ಐರೋಪ್ಯರಿಗಿದ್ದ ಸವಲತ್ತು ಮುಂದೆ ಅಳಿಯಿತು, ಕೊಡಗಿನದು ಅಳಿಯಲಿಲ್ಲ.

ಸ್ವತಂತ್ರ ಭಾರತದ ಸಂವಿಧಾನವು ಆಯುಧ, ಮದ್ದುಗುಂಡುಗಳ ವಿಷಯವನ್ನು ಕೇಂದ್ರದ ಪಟ್ಟಿಯಲ್ಲಿ ಸೇರಿಸಿತು. ಆದುದರಿಂದ ೧೯೫೬ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾದರೂ ಅದರ ಕೋವಿಯ ಮಾತು ದೆಹಲಿಯಲ್ಲಿಯೇ ಉಳಿಯಿತು. ೧೯೫೯ರ ಆಯುಧ ಕಾಯಿದೆಯ ೪೧ನೆಯ ಕಲಮು ಹಳೆಯ ಅಧಿಕಾರವನ್ನೇ ಕೇಂದ್ರ ಸರಕಾರದ ಕೈಗಿತ್ತಿತು. ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ತೋರಿದರೆ ಯಾವ ವರ್ಗವನ್ನಾದರೂ ಬಿಡಬಹುದು. ಹಾಗೆಯೇ ಆ ಬಿಡುಗಡೆಯನ್ನು ರದ್ದುಪಡಿಸಲೂಬಹುದು. ಇದರಂತೆ ೧೯೬೩ರ ಪ್ರಕಟಣೆಯು ವಿನಾಯಿತಿಯನ್ನು ಮುಂದುವರಿಸಿತು.

ಇಲ್ಲಿ ಶಬ್ದಗಳನ್ನು ಕೊಂಚ ಪರಿಶೀಲಿಸಬೇಕಾಗಿದೆ. ವಿನಾಯಿತಿಯು ಎರಡು ಬಗೆಯವರಿಗೆ ಸಲ್ಲುತ್ತದೆ: ‘ಕೊಡಗು ಕುಲ’ದವರಿಗೆ, ಮತ್ತು ಜಮ್ಮಾ ಹಿಡುವಳಿದಾರರಿಗೆ. ಮೊದಲನೆಯದು ಹುಟ್ಟನ್ನೂ ಎರಡನೆಯದು ಮಣ್ಣನ್ನೂ ಕುರಿತದ್ದು. ‘ಜನ್ಮ’ ಶಬ್ದದಿಂದ ಬಂದ ‘ಜಮ್ಮಾ’ ಎಂದರೆ ವಂಶಪಾರಂಪರ್ಯದ ಭೂಮಿ. ಅರಸರು ಕರೆದಾಗ ಆಯುಧ ಹಿಡಿದು ಬರಬೇಕೆಂಬ ಕಟ್ಟಿನ ಮೇಲೆ ಹಗುರವಾದ ಕಂದಾಯಕ್ಕೆ ಕೊಟ್ಟದ್ದು. ಇಂಥ ಭೂಮಿ ಕೊಡವರಲ್ಲದ ಕೆಲವು ಕುಲದವರಿಗೂ ಇದ್ದಿತು. ಕಬ್ಬನ್ನನು ಮೆಚ್ಚಿದ ರಾಜನಿಷ್ಠೆಯು ಗಣರಾಜ್ಯದಲ್ಲಿ ಕಾರಣವಾಗಲಾರದು. ಆದರೂ ಅದರ ಫಲವು ಕುಲ ಮತ್ತು ಹಿಡುವಳಿಗಳೆಂಬ ಎರಡು ಹೆಸರುಗಳಲ್ಲಿ ಉಳಿದುಬಂದಿತು. ನನ್ನ ಮಟ್ಟಿಗೆ, ಇವೆರಡರಲ್ಲಿ ಜಮ್ಮಾ ಎಂಬ ಆಧಾರವೇ ಗಟ್ಟಿಯಾದುದು. ಏಕೆಂದರೆ ಆಯುಧಕ್ಕೂ ಕರ್ತವ್ಯಕ್ಕೂ ಇದ್ದ ಸಂಬಂಧವನ್ನು ಅದು ಮರೆತಿಲ್ಲ.

ಈ ಶಬ್ದಗಳೇ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಕುಲವನ್ನೂ ಭೂಮಿಯನ್ನೂ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧವೆಂದು ಆಕ್ಷೇಪಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೧ರ ಸೆಪ್ಟೆಂಬರಿನಲ್ಲಿ ವಜಾಮಾಡಿತು. ಕೊಡವರ ಕ್ಷಾತ್ರಪರಂಪರೆಯನ್ನೂ, ವಿನಾಯಿತಿಯು ಸ್ವಾತಂತ್ರ್ಯಪೂರ್ವದಿಂದ ನಡೆದುಬಂದುದನ್ನೂ ಅದು ಪರಿಗಣಿಸಿತು. ಇನ್ನೊಂದು ಸಂಗತಿಯೂ ಅದರ ಗಮನದಲ್ಲಿದ್ದಿತು: ೧೯೬೩ರ ಪ್ರಕಟಣೆಗೆ ಕಾಲದ ಮಿತಿಯಿರಲಿಲ್ಲ, ೨೦೧೯ರ ಅಕ್ಟೋಬರ್ ೨೯ರಂದು ಹೊರಟ ಹೊಸ ಪ್ರಕಟಣೆಯಾದರೋ ವಿನಾಯಿತಿಯನ್ನು ಹತ್ತು ವರ್ಷಕ್ಕೆ, ಎಂದರೆ ೨೦೨೯ರ ಅಕ್ಟೋಬರ್ ೩೧ರವರೆಗೆ ಮಾತ್ರ, ಕೊಟ್ಟಿದೆ.