ಪಿಯುಸಿ ಕಪ್ಪೆಯ ಪೂರ್ವಾಪರ

"ಮಾಮ, ನೀವು ನಿಜವಾಗ್ಲೂ ಕಪ್ಪೆ ಕೊಯ್ದಿದ್ರಾ?" ಅಂತ ಅಕ್ಕನ ಮಗಳು ಕೇಳಿದಳು. ಫಸ್ಟ್ ಪಿಯುಸಿ, ಪಿಸಿಎಂಬಿ. ಅವಳ ಪುಸ್ತಕದಲ್ಲಿ ಕಪ್ಪೆ ಇದೆ, ಲ್ಯಾಬಿನಲ್ಲಿ ಇರುವುದು ಚಾರ್ಟು ಮತ್ತು ಪ್ಲಾಸ್ಟಿಕ್ ಮಾಡೆಲ್ಲು. ಹೌದು ಅಂದೆ. ಮುಖ ಕಿವುಚಿಕೊಂಡು ಎದ್ದು ಹೋದಳು.

ನಿಮ್ಮಲ್ಲೂ ಕೆಲವರು ಕೊಯ್ದಿರುತ್ತೀರಿ, ಗೊತ್ತು :) ನನ್ನದು ತೊಂಬತ್ತರ ದಶಕದ ಶುರು, ಹಾಸನ ಜಿಲ್ಲೆಯ ಒಂದು ಜೂನಿಯರ್ ಕಾಲೇಜು. ಪ್ರಾಕ್ಟಿಕಲ್ ದಿನ ಅಟೆಂಡರ್ ಗೋಣಿಚೀಲದಲ್ಲಿ ಕಪ್ಪೆ ತರುತ್ತಿದ್ದರು, ಹಿಂದಿನ ರಾತ್ರಿ ಗದ್ದೆಯಲ್ಲಿ ಹಿಡಿದವು. ಕ್ಲೋರೋಫಾರ್ಮ್ ಹಾಕಿದ ಗಾಜಿನ ಜಾಡಿ, ಮೇಣದ ಟ್ರೇ, ನಾಲ್ಕು ಕಾಲಿಗೆ ನಾಲ್ಕು ಗುಂಡುಸೂಜಿ. ನನ್ನ ಪಾಲಿನ ಕಪ್ಪೆಗೆ ಕ್ಲೋರೋಫಾರ್ಮ್ ಸಾಲದೆ ನಡುವೆ ಒಮ್ಮೆ ಕಾಲು ಝಾಡಿಸಿತು. "ಅದು ಬರೀ ರಿಫ್ಲೆಕ್ಸ್ ಕಣೋ, ಮುಂದುವರಿಸು" ಅಂದರು ಲೆಕ್ಚರರು. ಹೃದಯ ಮಿಡಿಯುತ್ತಲೇ ಇತ್ತು. ನಾನು ಅಪಧಮನಿಗಳನ್ನು ಒಂದೊಂದಾಗಿ ಬಿಡಿಸಿ, ಅಡಿಗೆ ಕಪ್ಪು ಕಾಗದದ ಚೂರು ತೂರಿಸಿ, ಪೂರ್ತಿ ಅಂಕ ತಗೊಂಡೆ.

ಇಷ್ಟಕ್ಕೂ ಕಪ್ಪೆಯೇ ಯಾಕೆ? ಇದನ್ನು ಆಗ ಯಾರೂ ಕೇಳಲಿಲ್ಲ. ಈಗ ಹುಡುಕುತ್ತಾ ಹೋದರೆ ದಾರಿ ಲಂಡನ್ನಿಗೆ ಹೋಗಿ ನಿಲ್ಲುತ್ತದೆ.

'ಡಾರ್ವಿನ್ನನ ಬುಲ್‌ಡಾಗ್' ಅನ್ನಿಸಿಕೊಂಡ ಥಾಮಸ್ ಹೆನ್ರಿ ಹಕ್ಸ್ಲಿ 1870ರ ದಶಕದ ಆರಂಭದಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶಾಲಾ ಮೇಷ್ಟ್ರುಗಳಿಗೆ ಜೀವಶಾಸ್ತ್ರದ ತರಗತಿ ನಡೆಸಿದ. ಬರೀ ಉಪನ್ಯಾಸ ಕೇಳಿ ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ, ಪ್ರತಿಯೊಬ್ಬನೂ ತನ್ನ ಕೈಯಿಂದ ಬಿಡಿಸಿ ತನ್ನ ಕಣ್ಣಿಂದ ನೋಡಬೇಕು ಅನ್ನುವುದು ಅವನ ಹಟ. ಆದರೆ ಜಗತ್ತಿನ ಜೀವಿಗಳನ್ನೆಲ್ಲ ನೋಡಿ ಮುಗಿಸುವುದುಂಟೆ? ಹಾಗಾಗಿ ಒಂದೊಂದು ಗುಂಪಿಗೆ ಒಂದೊಂದು ಪ್ರತಿನಿಧಿ. ಹೆನ್ರಿ ನೆವೆಲ್ ಮಾರ್ಟಿನ್ ಜೊತೆ ಸೇರಿ 1875ರಲ್ಲಿ ತಂದ ಪ್ರಯೋಗ ಪುಸ್ತಕ ಯೀಸ್ಟಿನಿಂದ ಶುರುವಾಗಿ ಅಮೀಬಾ, ಜರೀಗಿಡ, ಹೈಡ್ರಾ ಎಲ್ಲ ದಾಟಿ ಕೊನೆಗೆ ಕಪ್ಪೆಗೆ ಬರುತ್ತದೆ. ಬೆನ್ನುಮೂಳೆ ಇರುವ ಪ್ರಾಣಿಗಳಿಗೆಲ್ಲ ಅದೊಂದೇ ಪ್ರತಿನಿಧಿ. ಸುಲಭಕ್ಕೆ ಸಿಗುತ್ತದೆ, ಟ್ರೇಗೆ ಸರಿಯಾದ ಗಾತ್ರ, ಒಳಗಿನ ಏರ್ಪಾಡು ಸುಮಾರಾಗಿ ನಮ್ಮದೇ. 1888ರ ಪರಿಷ್ಕೃತ ಆವೃತ್ತಿಯಲ್ಲಂತೂ ಪುಸ್ತಕ ಕಪ್ಪೆಯಿಂದಲೇ ಶುರು! 'ಹೈಡ್ರಾ, ಎರೆಹುಳ, ಜಿರಲೆ, ಕಪ್ಪೆ' ಅಂತ ನಾವು ಉರು ಹೊಡೆದ ಸಾಲಿನ ಮೂಲ ಈ ಪದ್ಧತಿ.

ಹಕ್ಸ್ಲಿಯ ಶಿಷ್ಯರು ಇದನ್ನು ಎಲ್ಲೆಡೆ ಹರಡಿದರು. ಅವನ ಸಹಾಯಕನಾಗಿದ್ದ ಜೆಫ್ರಿ ಪಾರ್ಕರ್ ನ್ಯೂಜಿಲೆಂಡಿಗೆ ಹೋದ. ಜುವಾಲಜಿ ಓದಿದವರೆಲ್ಲ ಹೊತ್ತು ತಿರುಗಿದ 'ಪಾರ್ಕರ್ ಅಂಡ್ ಹ್ಯಾಸ್ವೆಲ್' ಬರೆದವರಲ್ಲಿ ಒಬ್ಬ ಅವನೇ. ಮಂಗಳ ಗ್ರಹದವರನ್ನು ಭೂಮಿಗೆ ಇಳಿಸಿದ ಎಚ್.ಜಿ. ವೆಲ್ಸ್ ಕೂಡ ಹಕ್ಸ್ಲಿಯ ವಿದ್ಯಾರ್ಥಿ. ಅವನ ಮೊದಲ ಪುಸ್ತಕಗಳಲ್ಲೊಂದು 1893ರ ಜೀವಶಾಸ್ತ್ರ ಪಠ್ಯ, ಅದರಲ್ಲೂ ಕಪ್ಪೆಗೊಂದು ಪಾಲು. ನಮ್ಮ ವಿಶ್ವವಿದ್ಯಾಲಯಗಳು ಅದೇ ಜಾಡು ಹಿಡಿದವು. ಇಂಟರ್‌ಮೀಡಿಯೆಟ್ ಹೋಗಿ ಪಿಯುಸಿ ಬಂತು, ಕಪ್ಪೆ ಕದಲಲಿಲ್ಲ. ಇಂಗ್ಲೆಂಡಿನ ಪುಟ್ಟ ಕಪ್ಪೆಯ ಜಾಗದಲ್ಲಿ ನಮ್ಮ ಗದ್ದೆಯ ದೊಡ್ಡ ಕಪ್ಪೆ, ರಾನಾ ಟೈಗ್ರಿನಾ, ಕೂತುಕೊಂಡಿತು, ಅಷ್ಟೇ. (ಈಗ ಅದರ ಹೆಸರು ಹೋಪ್ಲೋಬ್ಯಾಟ್ರಾಕಸ್ ಟೈಗೆರಿನಸ್. ನಾವು ಕಷ್ಟಪಟ್ಟು ಕಲಿತದ್ದು ನೀರುಪಾಲು!)

ಅದೇ ಕಪ್ಪೆಯ ತೊಡೆಗಳು ಸಾವಿರಾರು ಟನ್ ಲೆಕ್ಕದಲ್ಲಿ ವಿದೇಶಕ್ಕೆ ಹೋಗುತ್ತಿದ್ದವು. ಗದ್ದೆಯ ಹುಳು ತಿನ್ನುವವರೇ ಇಲ್ಲವಾಗುತ್ತಾರೆ ಅನ್ನುವ ಕೂಗೆದ್ದ ಮೇಲೆ 1987ರಲ್ಲಿ ರಫ್ತು ನಿಷೇಧವಾಯಿತು. ಲ್ಯಾಬಿನ ಟ್ರೇ ಖಾಲಿಯಾಗಲು ಇನ್ನೂ ಕಾಲ ಹಿಡಿಯಿತು. ಪದವಿ ತರಗತಿಗಳಲ್ಲೂ ಪ್ರಾಣಿ ಕೊಯ್ಯುವುದನ್ನು ಯುಜಿಸಿ ಪೂರ್ತಿ ನಿಲ್ಲಿಸಿದ್ದು 2014ರಲ್ಲಿ. 2023ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕತ್ತರಿಸಿದಾಗ ಎರೆಹುಳ, ಜಿರಲೆ ಎರಡೂ ಹೋದವು, ಕಪ್ಪೆ ಮಾತ್ರ ಉಳಿಯಿತು. ಏನು ಹಾಕಿದರೂ ಸಾಯದ ಜಿರಲೆ ಅಲ್ಲಿ ಸತ್ತಿತು ನೋಡಿ.

ಹಕ್ಸ್ಲಿಯ ಬಗ್ಗೆ ನನಗೆ ದೂರಿಲ್ಲ. ಕೈಯಿಂದ ಮಾಡಿ ಕಲಿ ಅಂದವನು ಅವನು. ನನಗೆ ಕಸಿವಿಸಿಯಾಗುವುದು ಬೇರೆ ವಿಷಯಕ್ಕೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ.ಆರ್. ನಾರಾಯಣ ರಾವ್ ಅನ್ನುವ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಿದ್ದರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು ಇವರೇ. ತರಗತಿಯಲ್ಲಿ ಇವರೂ ಇದೇ ಟ್ರೇ ಪಾಠ ಹೇಳಿರಬೇಕು. ಆದರೆ ಘಟ್ಟದ ಕಾಡುಗಳ ಕಪ್ಪೆಗಳನ್ನು ಕಲೆಹಾಕಿ, ಹೋಲಿಸಿ, 1937ರಲ್ಲಿ ಹತ್ತಕ್ಕೂ ಹೆಚ್ಚು ಹೊಸ ಬಗೆಗಳನ್ನು ಹೆಸರಿಟ್ಟು ಪ್ರಕಟಿಸಿದರು. ಅದರಲ್ಲೊಂದಕ್ಕೆ ಕೊಟ್ಟಿಗೆಹಾರದ ಹೆಸರು. ಹೌದು, ನೀವು ಧರ್ಮಸ್ಥಳಕ್ಕೆ ಹೋಗುವಾಗ ನೀರುದೋಸೆಗೆ ಬಸ್ಸಿಳಿಯುವ ಅದೇ ಕೊಟ್ಟಿಗೆಹಾರ! ಹೊಳೆಯ ಸದ್ದಿನಲ್ಲಿ ತನ್ನ ಕೂಗು ಕೇಳಿಸದು ಅಂತಲೋ ಏನೋ, ಅದರ ಗಂಡು ಹಿಂಗಾಲು ಚಾಚಿ ಬೀಸಿ ಸಂಜ್ಞೆ ಮಾಡುತ್ತದೆ. ಇನ್ನು ಕೆಲವು ಶಿರಾಡಿ ಘಾಟಿಯ ಕೆಂಪುಹೊಳೆಯವು. ನಮ್ಮದೇ ಜಿಲ್ಲೆ. ನಾನು ಗುಂಡುಸೂಜಿ ಚುಚ್ಚುತ್ತಿದ್ದ ಲ್ಯಾಬಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಎರಡು ವರ್ಷದಲ್ಲಿ ಆ ಹೆಸರು ಒಮ್ಮೆಯೂ ನಮ್ಮ ಕಿವಿಗೆ ಬೀಳಲಿಲ್ಲ. ಕಪ್ಪೆ ಅಂದರೆ ಒಂದೇ, ಅದು ಮೇಣದ ಮೇಲೆ ಅಂಗಾತ ಮಲಗಿರುತ್ತದೆ, ಹತ್ತು ಅಂಕಕ್ಕೆ.

2010ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಒಂದು ಕುಲಕ್ಕೆ ಇವರ ಹೆಸರು ಸೇರಿಸಿ 'ರಾವೋರ್ಕೆಸ್ಟಿಸ್' ಅಂತ ಕರೆದರು. ಇವತ್ತು ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. 2014ರಲ್ಲಿ ಕೆ.ವಿ. ಗುರುರಾಜ ಅವರ ತಂಡ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆಯೊಂದನ್ನು ಗುರುತಿಸಿ 'ಕುಂಬಾರ' ಅಂತ ಕನ್ನಡದ ಹೆಸರನ್ನೇ ಇಟ್ಟಿತು. ಅಕ್ಕನ ಮಗಳಿಗೆ ಇದರ ವಿಡಿಯೋ ತೋರಿಸಿದೆ, ಮುಖ ಕಿವುಚಲಿಲ್ಲ.

ನಾರಾಯಣ ರಾಯರು 1937ರಲ್ಲಿ ವರ್ಣಿಸಿದ ಮೂಲ ಮಾದರಿಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಅವು ಕಳೆದುಹೋಗಿವೆ. ಹೀಗಾಗಿ ಅವರು ಹೇಳಿದ್ದು ಯಾವ ಕಪ್ಪೆ ಅಂತ ಖಚಿತಮಾಡಿಕೊಳ್ಳಬೇಕಾದ ಸಂಶೋಧಕರು ಅವರು ಬರೆದಿಟ್ಟ ಊರಿನ ಹೆಸರುಗಳನ್ನೇ ಹಿಡಿದುಕೊಂಡು, ಮಳೆಗಾಲದ ರಾತ್ರಿ ಟಾರ್ಚು ಹಾಕಿಕೊಂಡು ಮತ್ತೆ ಅದೇ ಹಳ್ಳಗಳಲ್ಲಿ ಹುಡುಕಬೇಕಾಗಿದೆ.