ಸಾವಿನ ಗಳಿಗೆ ಯಾವುದು?

1968ರ ಫೆಬ್ರವರಿಯಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಒಬ್ಬ ರೋಗಿಗೆ ಹೃದಯ ಕಸಿ ಮಾಡಿದರು. ಕೇಪ್‌ಟೌನಿನಲ್ಲಿ ಜಗತ್ತಿನ ಮೊದಲ ಹೃದಯ ಕಸಿ ನಡೆದು ಮೂರು ತಿಂಗಳೂ ಆಗಿರಲಿಲ್ಲ. ರೋಗಿ ಬದುಕಿದ್ದು ಕೆಲವೇ ಗಂಟೆ. ಪರೇಲಿನಲ್ಲಿ ದಿನವೂ ಓಡಾಡುವ ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ಭಾರತದಲ್ಲಿ ಹೃದಯ ಕಸಿ ಯಶಸ್ವಿಯಾಗಲು ಮತ್ತೆ 26 ವರ್ಷ ಹಿಡಿಯಿತು.

ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ನೋಡಿಕೊಳ್ಳುವ ಒಳ್ಳೆಯ ಔಷಧಿ ಆಗಿನ್ನೂ ಇರಲಿಲ್ಲ, ನಿಜ. ಇನ್ನೊಂದು ತೊಡಕು ಕಾನೂನಿನದು. ಹೃದಯ ನಿಂತರೆ ಸಾವು. ಬಡಿಯುತ್ತಿರುವ ಹೃದಯವನ್ನು ತೆಗೆದರೆ ಅದಕ್ಕೆ ಏನೆಂದು ಹೆಸರಿಡಬೇಕು?

ಅದೇ ವರ್ಷ ಆಗಸ್ಟಿನಲ್ಲಿ ಹಾರ್ವರ್ಡಿನ ಸಮಿತಿಯೊಂದು ಇದಕ್ಕೆ ಉತ್ತರ ಕೊಟ್ಟಿತು: ಮಿದುಳು ಮತ್ತೆಂದೂ ಚೇತರಿಸದಂತೆ ನಿಂತಿದ್ದರೆ ಅದೇ ಸಾವು. ಅಧ್ಯಕ್ಷರು ಅರಿವಳಿಕೆ ತಜ್ಞ ಹೆನ್ರಿ ಬೀಚರ್. ಸದಸ್ಯರಲ್ಲಿ ವೈದ್ಯರ ಜೊತೆ ಒಬ್ಬ ವಕೀಲ, ಒಬ್ಬ ಧರ್ಮಶಾಸ್ತ್ರಜ್ಞ, ವಿಜ್ಞಾನದ ಚರಿತ್ರೆ ಬರೆಯುವ ಒಬ್ಬ ಇತಿಹಾಸಕಾರ.

ನಮ್ಮ ಸರ್ಕಾರ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಬಡವರ ಕಿಡ್ನಿ ಮಾರಾಟ ಬಹಿರಂಗ ಗುಟ್ಟಾಗಿತ್ತು. ಚೆನ್ನೈಯ ವಿಲ್ಲಿವಾಕ್ಕಂಗೆ ‘ಕಿಡ್ನಿವಾಕ್ಕಂ’ ಎಂಬ ಅಡ್ಡಹೆಸರೇ ಬಿದ್ದಿತ್ತು. ನ್ಯಾಯವಾದಿ ಎಲ್.ಎಂ. ಸಿಂಘ್ವಿ ಅವರ ಸಮಿತಿ 1991ರಲ್ಲಿ ವರದಿ ಕೊಟ್ಟಿತು. ಅದರ ಬುನಾದಿಯ ಮೇಲೆ ಬಂದದ್ದು 1994ರ ಅಂಗಾಂಗ ಕಸಿ ಕಾಯ್ದೆ. ಮಾರಾಟ ಅಪರಾಧವಾಯಿತು, ಮಿದುಳುಕಾಂಡದ ಸಾವಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ. ಕಸಿ ಮಾಡುವವರು ಅದರಲ್ಲಿ ಇರುವಂತಿಲ್ಲ. ಈ ಕೊನೆಯ ಷರತ್ತು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಜುಲೈ 8ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಮಾಡಿದ ಹೃದಯ ಕಸಿ ಯಶಸ್ವಿಯಾಯಿತು. ಆದರೆ ಆರೋಗ್ಯ ರಾಜ್ಯಗಳ ವಿಷಯ. 1995ರಲ್ಲಿ ಕಾಯ್ದೆ ಜಾರಿಯಾದಾಗ ಅನ್ವಯಿಸಿದ್ದು ಗೋವಾ, ಹಿಮಾಚಲ ಪ್ರದೇಶ, ಮಹಾರಾಷ್ಟ್ರ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ. ಆಂಧ್ರ ತನ್ನದೇ ಕಾಯ್ದೆ ಮಾಡಿಕೊಂಡಿತು.

ಸಮಿತಿ ಕೂತದ್ದು ಕಸಿಗೆ ದಾರಿ ಮಾಡಲು. ಸಾವಿನ ಹೊಸ ವ್ಯಾಖ್ಯೆಯೂ ಕಸಿ ಕಾಯ್ದೆಯೊಳಗೇ ಉಳಿಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಮಿದುಳಿನ ಮಾತೇ ಇಲ್ಲ. ಹಾಗಾಗಿ ಐಸಿಯು ಬಾಗಿಲಲ್ಲಿ ನಿಂತ ಮನೆಯವರು ದಾನಕ್ಕೆ ಒಪ್ಪಿದರೆ ಒಳಗಿರುವವರು ಸತ್ತಿದ್ದಾರೆ. ಒಪ್ಪದಿದ್ದರೆ ವೆಂಟಿಲೇಟರ್ ತೆಗೆಯಲು ವೈದ್ಯರು ಹಿಂಜರಿಯುತ್ತಾರೆ, ಬಿಲ್ಲು ಏರುತ್ತಲೇ ಇರುತ್ತದೆ.