ಅತ್ತರೆ ಎದೆಭಾರ ಇಳಿಯುತ್ತದೆಯೇ?

ಕಣ್ಣೀರು ಏಕೆ ಬರುತ್ತದೆ ಎಂದು ಕೇಳುವ ಮೊದಲು, ಎಲ್ಲಿಂದ ಬರುತ್ತದೆ ಎಂದು ತಿಳಿಯಲೇ ವಿಜ್ಞಾನಕ್ಕೆ ಶತಮಾನಗಳು ಬೇಕಾದವು. ಅದು ಮಿದುಳಿನಿಂದ ಇಳಿಯುವ ದ್ರವ ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಇತ್ತು. 1662ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ಕಣ್ಣೀರ ಗ್ರಂಥಿಯ ಸಣ್ಣ ನಾಳಗಳನ್ನು ವಿವರಿಸಿ, ಅದರ ಕೆಲಸ ಕಣ್ಣನ್ನು ತೇವವಾಗಿಡುವುದು ಎಂದ. ಹಾಗಾದರೆ ದುಃಖಕ್ಕೂ ಇದಕ್ಕೂ ಏನು ಸಂಬಂಧ? ಹೆಚ್ಚೇನಿಲ್ಲ ಎಂದವನು ಡಾರ್ವಿನ್. ಕೂಸು ಕಿರುಚುವಾಗ ಕಣ್ಣಿನ ಸುತ್ತಲ ಸ್ನಾಯುಗಳು ಬಿಗಿಯುತ್ತವೆ, ನೀರು ಜಿನುಗುತ್ತದೆ, ಅದೇ ಅಭ್ಯಾಸವಾಗಿ ಉಳಿಯುತ್ತದೆ ಎಂಬುದು 1872ರ ಅವನ ವಾದ. ಅಳುವುದರಿಂದ ನೋವು ಶಮನವಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಮಾತ್ರ ಅವನೂ ಕೈಬಿಡಲಿಲ್ಲ.

ಇತ್ತ ಭಾರತದಲ್ಲಿ ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಭಾವ ಉಕ್ಕಿದಾಗ ಮೈಯಲ್ಲಿ ತಾನಾಗಿ ಕಾಣುವ ಲಕ್ಷಣಗಳಲ್ಲಿ, ಅಶ್ರುವನ್ನೂ ಸೇರಿಸಿ, ಅದರ ಕಾರಣಗಳಲ್ಲಿ ಹರ್ಷ, ಶೋಕಗಳ ಜೊತೆಗೇ ಹೊಗೆಯನ್ನೂ ಕಾಡಿಗೆಯನ್ನೂ ಹೇಳುತ್ತದೆ. ಈ ಎರಡು ಬಗೆಯ ನೀರು ಒಂದೇ ಏನು? ಅಮೆರಿಕದ ವಿಲಿಯಂ ಫ್ರೇ ಪರೀಕ್ಷೆಗೆ ಇಳಿದ. ಈರುಳ್ಳಿಯಿಂದ ಬಂದ ಕಣ್ಣೀರಿಗಿಂತ ಸಿನಿಮಾ ನೋಡಿ ಅತ್ತ ಕಣ್ಣೀರಿನಲ್ಲಿ ಪ್ರೋಟೀನ್ ಹೆಚ್ಚಿದೆ ಎಂದು 1981ರಲ್ಲಿ ವರದಿ ಮಾಡಿದ. ಮಾನಸಿಕ ಒತ್ತಡದ ರಾಸಾಯನಿಕಗಳು ಹೀಗೆ ಹೊರಹೋಗುತ್ತವೆ ಎಂಬುದು ಅವನ ಊಹೆ. ಪತ್ರಿಕೆಗಳು ಅದನ್ನು ಇಂದಿಗೂ ಸಿದ್ಧಾಂತವೆಂಬಂತೆ ಬರೆಯುತ್ತವೆ. ನನಗದು ಒಪ್ಪಿಗೆಯಿಲ್ಲ: ಹೊರಹಾಕುವುದೇ ಗುರಿಯಾಗಿದ್ದರೆ ಮೂತ್ರಪಿಂಡಗಳಿರುವಾಗ ನಾಲ್ಕು ಹನಿ ಕಣ್ಣೀರು ಎಷ್ಟನ್ನು ಹೊತ್ತೀತು?

ನಿಜವಾದ ತಿರುವು ಬಂದದ್ದು ಹಾಲೆಂಡಿನ ಆಡ್ ವಿಂಗರ್‌ಹುಟ್ಸ್ ಮತ್ತು ಸಹೋದ್ಯೋಗಿಗಳಿಂದ. 2008ರಲ್ಲಿ ಅವರು ಮೂರು ಸಾವಿರಕ್ಕೂ ಹೆಚ್ಚು ಅಳುವಿನ ನೆನಪುಗಳನ್ನು ಪರಿಶೀಲಿಸಿದರು. ಬಹುಪಾಲು ಮಂದಿ ಹಗುರವಾಯಿತು ಎಂದರು. ಸುಮಾರು ಮೂರರಲ್ಲೊಬ್ಬರಿಗೆ ಏನೂ ಆಗಿರಲಿಲ್ಲ, ಹತ್ತರಲ್ಲೊಬ್ಬರಿಗೆ ಇನ್ನಷ್ಟು ಕೆಟ್ಟದಾಗಿತ್ತು. ಸಮಾಧಾನ ಹೇಳುವವರು ಸಿಕ್ಕವರು ಹೆಚ್ಚು ಚೇತರಿಸಿಕೊಂಡಿದ್ದರು. ಪ್ರಯೋಗಾಲಯದಲ್ಲಿ ಅತ್ತವರು ಮಾತ್ರ ಪದೇ ಪದೇ ಬೇಸರದಲ್ಲೇ ಎದ್ದುಹೋಗುತ್ತಿದ್ದರು. ಈ ವಿರೋಧಕ್ಕೆ 2015ರ ಒಂದು ಅಧ್ಯಯನ ಸರಳ ಉತ್ತರ ಕೊಟ್ಟಿತು: ಕಾಯಬೇಕು. 'ಲೈಫ್ ಈಸ್ ಬ್ಯೂಟಿಫುಲ್' ಅಥವಾ 'ಹಾಚಿ' ನೋಡಿ ಅತ್ತವರ ಮನಸ್ಸು ಕೂಡಲೇ ಕುಸಿಯಿತು, 20 ನಿಮಿಷಕ್ಕೆ ಮೊದಲಿನಂತಾಯಿತು, 90 ನಿಮಿಷದ ಹೊತ್ತಿಗೆ ಸಿನಿಮಾಕ್ಕೆ ಮುಂಚೆ ಇದ್ದುದಕ್ಕಿಂತ ಮೇಲಾಯಿತು. ಅಳದವರಲ್ಲಿ ಇಂಥ ಏರಿಳಿತವೇ ಇರಲಿಲ್ಲ.

ಈಚೆಗೆ ಗಮನ ಅಳುವವರಿಂದ ನೋಡುವವರತ್ತ ಹೊರಳಿದೆ. ಫೋಟೊದಿಂದ ಕಣ್ಣೀರನ್ನಷ್ಟೇ ಅಳಿಸಿದರೆ ಮುಖದ ದುಃಖ ಮಸುಕಾಗುತ್ತದೆ ಎಂದು 2009ರಲ್ಲಿ ರಾಬರ್ಟ್ ಪ್ರೊವೈನ್ ತೋರಿಸಿದ. 41 ದೇಶಗಳಲ್ಲಿ ನಡೆದ 2021ರ ಅಧ್ಯಯನವೂ ಕಣ್ಣೀರು ಕಂಡವರಿಗೆ ನೆರವಾಗಬೇಕೆನಿಸುತ್ತದೆ ಎಂದಿತು. ಇಸ್ರೇಲಿನ ನೋಮ್ ಸೋಬೆಲ್ ತಂಡ ಇನ್ನೂ ಮುಂದೆ ಹೋಗಿ, ವಾಸನೆಯೇ ಇಲ್ಲದ ಕಣ್ಣೀರನ್ನು ಮೂಸಿಸಿ ನೋಡಿತು. ಟೆಸ್ಟೋಸ್ಟೆರಾನ್ ಇಳಿಯುತ್ತದೆ ಎಂದಿತು 2011ರ ವರದಿ. ಹೆಂಗಸರ ಮುಖದ ಆಕರ್ಷಣೆಯೂ ತಗ್ಗುತ್ತದೆ ಎಂದು ಅದೇ ವರದಿ ಹೇಳಿದ್ದು ಮಾತ್ರ ಬೇರೆಯವರು ಮಾಡಿ ನೋಡಿದಾಗ ನಿಲ್ಲಲಿಲ್ಲ. ಆಕ್ರಮಣಶೀಲತೆ ಶೇ. 40ಕ್ಕೂ ಹೆಚ್ಚು ತಗ್ಗಿತು ಎಂದು 2023ರಲ್ಲಿ ಸೋಬೆಲ್ ತಂಡ ಮತ್ತೆ ಬಂದಿದೆ. ಎರಡೂ ಸಲ ಅತ್ತವರು ಹೆಂಗಸರು, ಮೂಸಿದವರು ಗಂಡಸರು. ಗಂಡಸರ ಕಣ್ಣೀರಿನ ಸರದಿ ಅಲ್ಲಿ ಬರಲಿಲ್ಲ.